ಗಾಜಿನ ಹೊಲಕ್ಕೆ ಚರಗ

ಎಳ್ಳ ಅಮಾವಾಸ್ಯೆಯ ಬೆಳಗ್ಗೆ ಬಾಗಲಕೋಟೆಯಲ್ಲಿ ರೈಲಿನಿಂದ ಇಳಿದಾಗ ಗಾಳಿಯಲ್ಲಿ ಹುಳಿಬೆಲ್ಲದ ವಾಸನೆ ಇತ್ತು. ಕಬ್ಬಿನ ಹಂಗಾಮು. ಈ ಸೀಮೆಯ ಕಬ್ಬಿನ ಒಂದು ಪಾಲು ಈಗ ಸಕ್ಕರೆಯಾಗುವುದಿಲ್ಲ. ಎಥೆನಾಲ್ ಆಗಿ ಪೆಟ್ರೋಲಿಗೆ ಬೆರೆಯುತ್ತದೆ. ನಿಲ್ದಾಣದ ಹೊರಗೆ ಚಹಾ ಕುಡಿದೆ. ಚಹಾಕ್ಕೂ ಅದೇ ವಾಸನೆ ಇತ್ತು ಎಂದು ನೆನಪು. ನೆನಪನ್ನು ನಾನು ಅಷ್ಟಾಗಿ ನಂಬುವವನಲ್ಲ.

ನನ್ನ ಸೋದರತ್ತೆಯ ಮಗಳು ನೀಲವ್ವ ಹುನಗುಂದ ದಾಟಿ ಇಳಕಲ್ಲಿಗೆ ಹೋಗುವ ರಸ್ತೆಯ ಒಂದು ಹಳ್ಳಿಯಲ್ಲಿದ್ದಾಳೆ. ಹಿಂದಿನ ವಾರ ಫೋನು ಮಾಡಿದ್ದಳು. "ಚರಗಾ ಚೆಲ್ಲಾಕ ಬಾ ತಮ್ಮಾ. ಬರೋ ದಾರ‍್ಯಾಗ ಗುಳೇದಗುಡ್ಡದಾಗ ಒಂದು ಖಣ ತೊಗೊಂಡು ಬಾ. ಬನ್ನಿಗಿಡಕ್ಕ ಉಡಿ ತುಂಬತೇನಿ. ಮುಂದಿನ ಅಮಾಸಿಗೆ ಗಿಡ ಇರತೈತೋ ಇಲ್ಲೋ." ಈ ದಿನ ಹೊಲದಲ್ಲಿ ಉಂಡು, ಬೆಳೆ ಹೊತ್ತು ಬಸುರಿಯಾದ ಭೂಮಿಗೂ ಒಂದೊಂದು ಹಿಡಿ ಅನ್ನ ಎರಚುವುದೇ ಚರಗ.

ಗುಳೇದಗುಡ್ಡಕ್ಕೆ ಬಸ್ಸು ಒಂದು ತಾಸಿನೊಳಗೆ ಮುಟ್ಟಿತು. ಬಸ್ಸಿನ ತುಂಬ ಬುಟ್ಟಿ ಹಿಡಿದ ಹೆಣ್ಣುಮಕ್ಕಳು. ಟಿಕೆಟ್ಟಿಗೆ ದುಡ್ಡು ಕೊಟ್ಟವರು ನಾನು ಮತ್ತು ಒಬ್ಬ ಮುದುಕ ಮಾತ್ರ. ಮನೆಯೊಳಗೇ ಮಗ್ಗ ಇಟ್ಟುಕೊಂಡಿದ್ದ ನೇಕಾರನೊಬ್ಬ ಕುಪ್ಪಸದ ಖಣಗಳನ್ನು ಹರವಿದ. ಗಿಡಕ್ಕೆ ಬೇಕು ಎಂದೆ.

"ಗಿಡಕ್ಕೇನ್ರಿ? ಹಂಗಾರ ಹಸರು ಬ್ಯಾಡ, ಹಸರು ಗಿಡದ ಹತ್ರನ ಐತಿ. ಕೆಂಪು ಒಯ್ಯಿರಿ."

ಅಷ್ಟರಲ್ಲಿ ಕರೆಂಟು ಹೋಗಿ ಒಳಗಿನ ಮಗ್ಗ ಅರ್ಧ ಎಳೆಯಲ್ಲಿ ನಿಂತಿತು. ಅವನು ನಕ್ಕ. "ನಮ್ಮಪ್ಪನ ಹೊಲಾ ಆಲಮಟ್ಟಿ ಹಿನ್ನೀರಾಗ ಮುಳುಗ್ತ್ರಿ. ಕರೆಂಟ್ ಬರತೈತಿ ಅಂದಿದ್ರು. ಬಂತು, ಖರೆ. ಹಿಂಗ ಬರತೈತಿ, ಹಿಂಗ ಹೊಕ್ಕೈತಿ. ಈಗ ಬಿಸಲಿಗೂ ಹೊಲಾ ಬೇಕಂತಲ್ರಿ!"

ಅಮೀನಗಡದಲ್ಲಿ ಬಸ್ಸು ಬದಲಿಸಿ ಕರದಂಟು ಕಟ್ಟಿಸಿಕೊಂಡೆ. ಅಲ್ಲಿಂದ ಮುಂದೆ ದಿಬ್ಬದ ಮೇಲೆ ಗಾಳಿಯಂತ್ರಗಳು ಕಂಡವು. ರಸ್ತೆಯ ಧೂಳು ಎದ್ದು ಕಿಟಕಿಗೆ ಬಡಿಯುತ್ತಿತ್ತು, ಜಾಲಿಗಿಡಗಳು ಬಾಗುತ್ತಿದ್ದವು, ಆದರೆ ದಿಬ್ಬದ ಮೇಲೆ ಒಂದು ರೆಕ್ಕೆಯೂ ಅಲುಗುತ್ತಿರಲಿಲ್ಲ. ಕಂಡಕ್ಟರನ್ನು ಕೇಳಿದೆ.

"ಮ್ಯಾಲಿಂದ ಹೇಳಿರತಾರ‍್ರಿ. ಲೈನಿನ್ಯಾಗ ಕರೆಂಟ್ ಹೆಚ್ಚಾದ್ರ ನಿಂದ್ರಸ್ತಾರ."

"ಗಾಳಿ ಬೀಸಾಕತ್ತೈತಲ್ಲ?"

"ಗಾಳಿಗೆ ಯಾರು ಹೇಳಬೇಕ್ರಿ?" ಎಂದು ಅವನು ಹಿಂದಿನ ಸೀಟಿಗೆ ಹೋದ. ಆ ಬಿಳಿ ಕಂಬಗಳು ಬಹಳ ಹೊತ್ತು ಬಸ್ಸಿನ ಜೊತೆಗೇ ಬಂದವು.

ಹುನಗುಂದದಿಂದ ಆಟೋ ಹಿಡಿದು ನೇರವಾಗಿ ಹೊಲಕ್ಕೆ ಹೋದೆ. ಅಲ್ಲಿನ ಸೌರ ಹಲಗೆಗಳು ನೀಲಿಯಾಗಿದ್ದವು ಎಂದು ಬರೆಯಲು ಕೈ ಹೋಗುತ್ತದೆ; ಫೋನಿನ ಚಿತ್ರದಲ್ಲಿ ಅವು ಕಪ್ಪು. ಬೇಲಿಯಾಚೆ ಕಣ್ಣು ಹಾಯುವಷ್ಟು ದೂರ ಸಾಲುಸಾಲಾಗಿ ಅವೇ. ಎಲ್ಲಿಂದಲೋ ಒಂದು ಸಣ್ಣ ಗುಂಯ್‍ಗುಡುವಿಕೆ. ಸ್ವಲ್ಪ ಹೊತ್ತಿಗೊಮ್ಮೆ ಸಾಲುಗಳೆಲ್ಲ ಒಟ್ಟಿಗೆ ಕರ‍್ರೆಂದು ಸೂರ್ಯನ ಕಡೆಗೆ ಒಂದಿಷ್ಟು ಹೊರಳುತ್ತಿದ್ದವು, ಯಾರೋ ಹೆಸರು ಹಿಡಿದು ಕರೆದಂತೆ. ನೀಲವ್ವ ತಂದ ಅನ್ನದ ಬುಟ್ಟಿಗಳು ತೆರೆದಿದ್ದರೂ ಒಂದು ಕಾಗೆ ಇರಲಿಲ್ಲ.

ಬೇಲಿಯ ಈಚೆಗೆ ಉಳಿದಿದ್ದು ಬಿಳಿಜೋಳದ ಒಂದು ಪಟ್ಟಿ ಮತ್ತು ಅದರ ಅಂಚಿನಲ್ಲಿ ಬನ್ನಿ. ಜೋಳದ ಹೊಲ ನೀಲವ್ವನ ಮೈದುನ ಸಂಗಪ್ಪನದು. ಬನ್ನಿ ಇರುವ ತುಂಡು ನೀಲವ್ವನದು. ಸಂಗಪ್ಪನ ತಾಯಿ ಸಾಯುವ ಮೊದಲು ಸೊಸೆಯ ಹೆಸರಿಗೇ ಮಾಡಿಕೊಟ್ಟಿದ್ದರು. ಸಂಗಪ್ಪನ ಹೊಲಕ್ಕೆ ಹಲಗೆ ಹಾಕಲು ಕಂಪನಿ ಸಿದ್ಧವಿತ್ತು, ಬನ್ನಿ ಹೋದರೆ ಮಾತ್ರ. ಒಂದು ಹಲಗೆಯ ಮೇಲೆ ನೆರಳು ಬಿದ್ದರೆ ಇಡೀ ಸಾಲು ಸೊರಗುತ್ತದಂತೆ. ಅವಳು ಹೂಂ ಅಥವಾ ಊಹೂಂ ಅನ್ನಬೇಕಾದದ್ದು ಆ ದಿನವೇ. ಮರುದಿನ ಕಂಪನಿಯವರು ಬರುವವರಿದ್ದರು.

"ಒಂದು ಗಿಡದ ನೆರಳಿಗೆ ನನ್ನ ಹೊಲ ಹೊಕ್ಕೈತ್ರಿ ವೈನಿ," ಎಂದ ಸಂಗಪ್ಪ. "ವರ್ಷಾ ಕುಂತಲ್ಲೇ ಬಾಡಿಗಿ. ಮಳಿ ನೋಡೋದು ಬ್ಯಾಡ, ಮೋಡ ನೋಡೋದು ಬ್ಯಾಡ."

"ಮೋಡಾ ಬಂದ್ರ ಅದಕ್ಕೂ ಕರೆಂಟಿಲ್ಲೋ ಶಾಣ್ಯಾ," ಎಂದಳು ನೀಲವ್ವ. ಅವಳ ಗಂಡ ಎಥೆನಾಲ್ ಟ್ಯಾಂಕರಿನ ಚಾಲಕ. ಹಂಗಾಮಿನಲ್ಲಿ ಹಬ್ಬಕ್ಕೂ ರಜೆಯಿಲ್ಲ. 'ನಿನ್ನ ಮನಸ್ಸಿಗೆ ಬಂದ್ಹಂಗ ಮಾಡು' ಎಂದು ಫೋನಿನಲ್ಲಿ ಹೇಳಿ ಕೈತೊಳೆದುಕೊಂಡಿದ್ದ.

ಬನ್ನಿಯ ಬುಡದಲ್ಲಿ ಐದು ಕಲ್ಲುಗಳಿಗೆ ಸುಣ್ಣ ಬಳಿದು ಪಾಂಡವರನ್ನು ಕೂರಿಸಿದ್ದರು. ಸಜ್ಜಿ ರೊಟ್ಟಿ, ಪುಂಡಿಪಲ್ಲೆ, ಎಣ್ಣೆಗಾಯಿ, ಎಳ್ಳಹೋಳಿಗೆ ಎಡೆಯಾಯಿತು. ನೀಲವ್ವ ಕೆಂಪು ಖಣವನ್ನು ಬೊಡ್ಡೆಗೆ ಸುತ್ತಿ ಕಟ್ಟಿ, ಬೇಲಿಯ ಕಡೆ ನೋಡಿದಳು. "ಇತ್ತಾಗಿನ ಭೂಮಿತಾಯಿ ಬಸರ್ಯಾಕಿ, ಉಡಿ ತುಂಬಿ ಕುಬಸಾ ಮಾಡಬಹುದು. ಅತ್ತಾಗಿನಾಕಿಗೆ ಏನ ಮಾಡೋದು?"

ಆಮೇಲೆ ಅವಳು ಎರಡು ಸೇವಂತಿ ಎಸಳುಗಳನ್ನು ನೀರಲ್ಲಿ ಅದ್ದಿ ಬೊಡ್ಡೆಗೆ ಅಂಟಿಸಿದಳು. ಬಲಗಡೆಯದು ಬಿದ್ದರೆ ಗಿಡ ಕೊಡುವುದು. ಎಡಗಡೆಯದು ಬಿದ್ದರೆ ಇಲ್ಲ. ಸಂಗಪ್ಪ ಚಪ್ಪಲಿ ಬಿಟ್ಟು ಕೈಮುಗಿದು ನಿಂತ. ಬೇಲಿಯೊಳಗಿನ ಕಾವಲುಗಾರ ಮಾಬುಸಾಬನೂ ಹತ್ತಿರ ಬಂದ. ಅವನು ಕಾಯುತ್ತಿದ್ದ ಹಲಗೆಗಳ ಕೆಳಗೆ ಅವನ ಸ್ವಂತ ಹೊಲವೂ ಇತ್ತು. ಗಾಳಿ ನಿಂತಿತ್ತು. ಎಸಳುಗಳು ಅಲುಗಲಿಲ್ಲ. ಆಗ ಹಲಗೆಗಳೆಲ್ಲ ಒಮ್ಮೆಲೇ ಕರ‍್ರೆಂದು ಹೊರಳಿದವು, ನೆಲ ಸಣ್ಣಗೆ ನಡುಗಿತು, ಎಡಗಡೆಯ ಎಸಳು ಬಿತ್ತು.

"ಇದು ದೇವರು ಕೊಟ್ಟಿದ್ದಲ್ಲ!" ಸಂಗಪ್ಪ ಕೂಗಿದ. "ಮಷೀನು ನಡುಗಿದ್ದಕ್ಕ ಬಿತ್ತು. ಇನ್ನೊಮ್ಮೆ ಕೇಳ್ರಿ."

ನೀಲವ್ವ ಎಸಳನ್ನು ಎತ್ತಿ ತುರುಬಿಗೆ ಸಿಕ್ಕಿಸಿಕೊಂಡಳು. "ದೇವರು ಬ್ಯಾಡ ಅಂದಿದ್ರ ಇನ್ನೊಮ್ಮೆ ಕೇಳತಿದ್ನೋ. ಮಷೀನ ಬ್ಯಾಡ ಅಂದ ಮ್ಯಾಲೆ ಇನ್ನ್ಯಾರನ್ನ ಕೇಳಲಿ?"

ಮಾಬುಸಾಬ ಬೇಲಿಯ ಆಚೆ ಕಿಸಕ್ಕನೆ ನಕ್ಕು ಕೆಮ್ಮಿದ. ಸಂಗಪ್ಪ ಬದುವಿನ ಮೇಲೆ ಕುಸಿದು ಕುಳಿತ.

ಚರಗಕ್ಕೆ ಇಬ್ಬರು ಬೇಕು. ಒಬ್ಬರು ಕೂಗಿ ಎರಚಬೇಕು; ಹಿಂದಿನಿಂದ ಮನೆಯವರೊಬ್ಬರು ನೀರು ಚಿಮುಕಿಸುತ್ತ ಉತ್ತರ ಕೊಡಬೇಕು. ಉತ್ತರವಿಲ್ಲದೆ ಎರಚಿದ್ದನ್ನು ಭೂಮಿ ಮುಟ್ಟುವುದಿಲ್ಲ ಎನ್ನುತ್ತಾರೆ. ನೀಲವ್ವ ಬುಟ್ಟಿ ಹೊತ್ತು ಸಂಗಪ್ಪನ ಜೋಳದೊಳಗೆ ಇಳಿದಳು.

"ಹುಲ್ಲುಲ್ಲಿಗ್ಯೋ!"

ಸಂಗಪ್ಪ ನೀರಿನ ತಂಬಿಗೆ ಮುಟ್ಟಲಿಲ್ಲ. ಅವಳು ತುಂಬಿದ ಹಿಡಿಯನ್ನು ಎತ್ತಿ ಹಾಗೆಯೇ ನಿಂತಳು, ಹಿಂದೆ ತಿರುಗಲಿಲ್ಲ. ನಾನು ಹೊರಗಿನವನು, ಆ ಮನೆಯವನಲ್ಲ. ಕೊನೆಗೆ ಬೇಲಿಯೊಳಗಿಂದ ಮಾಬುಸಾಬ ಕೂಗಿದ: "ಚಲ್ಲಾಂಬರಿಗ್ಯೋ!"

ಸಂಗಪ್ಪ ಧಡಕ್ಕನೆ ಎದ್ದ. "ಏ ಮಾಬ್ಯಾ, ನಮ್ಮ ಹೊಲಕ್ಕ ನೀ ಯಾಕ ಒದರತೀಲೇ?" ಎಂದು ತಂಬಿಗೆ ಕಿತ್ತುಕೊಂಡು ಅತ್ತಿಗೆಯ ಹಿಂದೆ ನಡೆದ. "ನಡೀರಿ ವೈನಿ, ಒದರ‍್ರಿ. ಸಿಟ್ಟು ಮನ್ಯಾಗ ಮಾಡೂಣು."

ಸಂಜೆಯ ರೈಲಿಗಾಗಿ ನಾನು ಬೇಗ ಹೊರಡಬೇಕಿತ್ತು. ಆಟೋ ಹತ್ತಿ ಹಿಂತಿರುಗಿ ನೋಡಿದಾಗ ಅವರು ಬೇಲಿಯ ಹತ್ತಿರ ಬಂದಿದ್ದರು. ನೀಲವ್ವ ಕೂಗಿದಳು. 'ಚಲ್ಲಾಂಬರಿಗ್ಯೋ' ಎಂದು ಉತ್ತರ ಬಂತು, ಹಲಗೆಗಳ ಕೆಳಗಿನಿಂದ, ತಗ್ಗಿದ ದನಿಯಲ್ಲಿ. ಸಂಗಪ್ಪನೂ ಮಾಬುಸಾಬನೂ ಇನ್ನೂ ಬಾಯಿ ತೆರೆದಿರಲಿಲ್ಲ. ಪ್ರತಿಧ್ವನಿ ಎಂದು ಮೊದಲು ಬರೆದು ಆಮೇಲೆ ಹೊಡೆದುಹಾಕಿದ್ದೇನೆ. ಪ್ರತಿಧ್ವನಿ ಕೂಗಿದ್ದನ್ನೇ ಮರಳಿ ಹೇಳುತ್ತದೆ, ಉತ್ತರ ಕೊಡುವುದಿಲ್ಲ.

ಮೂವರೂ ನಿಂತು ಆಲಿಸಿದರು. ನೀಲವ್ವ ಮುಂದಿನ ಹಿಡಿಯನ್ನು ಬೇಲಿಯ ಮೇಲಿಂದ ಬೀಸಿ ಎಸೆದಳು. ಅನ್ನ ಗಾಜಿನ ಮೇಲೆ ಬಿದ್ದು ನಿಧಾನಕ್ಕೆ ಕೆಳಗಿನ ಕತ್ತಲಿಗೆ ಜಾರಿತು. ಹಲಗೆಗಳಿಗೆ ಕಲೆಯಾಗದಂತೆ ನೋಡಿಕೊಳ್ಳಬೇಕಾದ ಮಾಬುಸಾಬ ಟೋಪಿ ಸರಿಮಾಡಿಕೊಂಡು ಒಂದು ಹೆಜ್ಜೆ ಪಕ್ಕಕ್ಕೆ ಸರಿದು ನಿಂತ.