ಅಜ್ಜಿಯ ಕೈ ಮತ್ತು ಕಾಕಾನ ಸನ್ನಿ

ಅಜ್ಜಿಯ ಬಲಗೈ ಚಾಪೆಯ ಮೇಲೆ ದುಂಡಗೆ ಸುತ್ತುತ್ತಿತ್ತು. ಬೆರಳುಗಳು ಏನನ್ನೋ ಹಿಡಿದಂತೆ ಮಡಚಿದ್ದವು. ಕಣ್ಣು ಮುಚ್ಚಿತ್ತು. ಹೊರಗೆ ಮಟಮಟ ಮಧ್ಯಾಹ್ನ.

“ಸನ್ನಿ! ಪ್ಲೇಗಿನ ಸನ್ನಿ ಇದು,” ಎಂದರು ಕಾಕಾ. “ಅವ್ವನ್ನ ಶೆಡ್ಡಿಗೆ ಕಳಸೋಣು.”

ಶೆಡ್ಡು ಎಂದರೆ ರೋಗಿಗಳನ್ನು ಬೇರೆ ಇಡುವ ತಗಡಿನ ಚಪ್ಪರ. ಅಲ್ಲಿಂದ ಮರಳಿ ಬಂದ ಮುದುಕರನ್ನು ನಾನು ಕಂಡಿಲ್ಲ. (ನೀವು ಕಂಡಿದ್ದರೆ ತಿಳಿಸಿ.)

ಹಣೆ ಮುಟ್ಟಿದೆ. ತಣ್ಣಗಿತ್ತು. ಕಂಕುಳಲ್ಲಿ ಗಂಟಿರಲಿಲ್ಲ. ಕಾಕಾ ಬಾಗಿಲಾಚೆ ನಿಂತೇ ರೋಗ ಕಂಡುಹಿಡಿದಿದ್ದರು.

“ಅಜ್ಜೀ, ಏನ ಮಾಡಾಕತ್ತೀ?”

ಅಜ್ಜಿ ಎಚ್ಚತ್ತು ತನ್ನ ಕೈಯನ್ನೇ ನೋಡಿಕೊಂಡಳು. “ಬೀಸಾಕತ್ತಿದ್ನೇನವಾ... ಹಿಟ್ಟ ಬಿತ್ತೇನ?”

ಊರಿಗೆ ಪ್ಲೇಗು ಬಂದ ಮೇಲೆ ನಾವು ವಿಜಾಪುರದ ಮನೆಗೆ ಕೀಲಿ ಹಾಕಿ, ತಿಕೋಟೆ ಹಾದಿಯ ನಮ್ಮ ಹೊಲದಲ್ಲಿ ಗುಡಿಸಲು ಕಟ್ಟಿಕೊಂಡಿದ್ದೇವೆ. ಬಂಡಿಯಲ್ಲಿ ಕಾಕಾನ ಆರಾಮ ಕುರ್ಚಿ ಬಂತು, ಬೀಸುಕಲ್ಲಿಗೆ ಜಾಗವಿರಲಿಲ್ಲ. “ಗಿರಣಿ ಹಿಟ್ಟ ತರೋಣು. ಅವ್ವಾ, ನೀ ಈಗರೇ ಆರಾಮ ಇರು.” ಎಂಥ ಮಗ! ಎಲ್ಲರೂ ಮೆಚ್ಚಿದರು.

ಅಜ್ಜಿ ಹುಡುಗಿಯಾಗಿದ್ದಾಗಿನಿಂದ ಕೋಳಿ ಕೂಗುವ ಹೊತ್ತಿಗೆ ಎದ್ದು ಬೀಸಿದವಳು. ಬೀಸಿದರೆ ಹಸಿವು, ದುಡಿದರೆ ನಿದ್ದೆ. ಅವಳ ದಿನಕ್ಕೆ ಕೀಲಿ ಕೊಡುತ್ತಿದ್ದುದು ಆ ಕಲ್ಲು. ಇಲ್ಲಿಯೂ ಅದೇ ಹೊತ್ತಿಗೆ ಏಳುತ್ತಾಳೆ. ಏಳುತ್ತಲೇ ಕಾಕಾನ ಗದರಿಕೆ: “ಮಲಕೋ ಬೇ, ಹುಡುಗೂರು ಏಳ್ತಾವ!” ಸುಮ್ಮನೆ ಬಿದ್ದುಕೊಂಡು ಛಾವಣಿ ನೋಡುತ್ತಾಳೆ. ಹಗಲು ತೂಕಡಿಸುತ್ತಾಳೆ. ರೊಟ್ಟಿ ಮುರಿದು ಹಾಗೇ ಬಿಡುತ್ತಾಳೆ. ಸಂಜೆ ಎದ್ದು, “ಬೆಳಗಾತೇನ?” ಎನ್ನುತ್ತಾಳೆ. ನಾವು ನಗುತ್ತೇವೆ.

ಇಲಿ ಹಿಡಿಯಲು ಜನರಿದ್ದಾರೆ. ಇನಾಕ್ಯುಲೇಶನ್ನಿಗೆ ಡಾಕ್ಟರರಿದ್ದಾರೆ. ಮುದುಕರ ಹೊತ್ತುಗೊತ್ತು ಕಾಯಲು ಯಾರಿದ್ದಾರೆ? ಅವರ ಕೈಯ ಕೆಲಸ ಕಿತ್ತುಕೊಂಡು ಅದಕ್ಕೆ ಆರಾಮ ಎಂದು ಹೆಸರಿಡುತ್ತೇವೆ. ಅವರು ತಬ್ಬಿಬ್ಬಾದರೆ ಸನ್ನಿ ಎನ್ನುತ್ತೇವೆ. ಯಾವ ನ್ಯಾಯ ಇದು?

“ಸನ್ನಿ ಅಲ್ಲ ಕಾಕಾ. ಕನಸಿನ್ಯಾಗ ಬೀಸಾಕತ್ತಾಳ,” ಎಂದೆ.

“ಬಿ.ಎ. ಮಾಡಿದಾಕಿ ಡಾಕ್ಟರ ಯಾವಾಗ ಆದ್ಯವಾ?”

(ನೀವು ಯಾವಾಗ ಆದಿರಿ ಎಂದು ಕೇಳಲಿಲ್ಲ. ಇಲ್ಲಿ ಕೇಳುತ್ತಿದ್ದೇನೆ.)

ಕೊನೆಗೆ ಅವರು ಒಂದು ದಿನದ ಗಡುವು ಕೊಟ್ಟರು. “ನಾಳೆನೂ ಹಿಂಗ ಇದ್ರ ಶೆಡ್ಡ ಖರೇ.”

ಪಕ್ಕದ ಹೊಲದಲ್ಲಿ ಕಳ್ಳಕವಟಗಿಯಿಂದ ಬಂದ ಒಂದು ಒಕ್ಕಲುತನದ ಕುಟುಂಬವಿದೆ. ಅವರ ಬೀಸುಕಲ್ಲನ್ನು ಎರವಲು ಕೇಳಿದೆ. ಆ ಮನೆಯಾಕೆ ನನ್ನ ಅಂಗೈ ನೋಡಿ ನಕ್ಕಳು. “ಒಯ್ರಿ ಅಕ್ಕಾರ. ಬೀಸವ್ರು ಯಾರ? ನೀವ?”

ಮರುದಿನ ಕೋಳಿ ಕೂಗಿದಾಗ, ಕಾಕಾ ಮಲಗುವ ಕಡೆಯ ತಟ್ಟಿಗೋಡೆಯ ಮಗ್ಗುಲಿಗೇ ಕಲ್ಲು ಹೂಡಿ, ಜೋಳ ಸುರಿದು, ಅಜ್ಜಿಯ ಎದುರು ಕೂತು ಗೂಟಕ್ಕೆ ಕೈ ಹಾಕಿದೆ. ಅಜ್ಜಿ ನನ್ನ ಕೈ ಬದಿಗೆ ಸರಿಸಿದಳು. “ಬಿಡವಾ, ನಿಂದು ಭಾಳ ನಿಧಾನ.”

ಹೊತ್ತೇರಿದಾಗ ತಾನೇ ರೊಟ್ಟಿ ಕೇಳಿ ಉಂಡಳು. ಕಾಕಾನ ತಾಟಿಗೂ ಒಂದು ಹಾಕಿ ಹೇಳಿದೆ:

“ಉಣ್ರಿ ಕಾಕಾ, ಸನ್ನಿ ಹಿಡದಾಕಿ ಬೀಸಿದ ಹಿಟ್ಟಿಂದು.”