ಹನ್ನೊಂದು ಗಂಟಿನ ಹಗ್ಗ

ಅಪ್ಪ ಎಂದರೆ ಫೋನಿನೊಳಗಿನ ದನಿ ಎಂದು ನಾವು ನಂಬಿದ್ದ ದಿನಗಳವು. ಮಂಗಳೂರಿನ ಬೆಂಗ್ರೆಯಲ್ಲಿ ನನ್ನ ತರಗತಿಯ ಅರ್ಧ ಮಕ್ಕಳಿಗೆ ಹಾಗೆಯೇ ಇತ್ತು. ಶುಕ್ರವಾರ ಜುಮಾ ನಮಾಜು ಮುಗಿದ ಮೇಲೆ ಪಕ್ಕದ ಮನೆಯ ಫೋನು ಬಡಿದುಕೊಳ್ಳುತ್ತಿತ್ತು. ಉಮ್ಮ ತಲೆಯ ಮೇಲಿನ ಶಾಲು ಸರಿಮಾಡಿಕೊಳ್ಳುತ್ತ ಓಡುತ್ತಿದ್ದರು, ನಾನು ಅವರ ಹಿಂದೆ. ನನ್ನ ಪಾಲಿಗೆ ಒಂದು ನಿಮಿಷ. "ಶಾಲೆಗೆ ಹೋಗ್ತೀಯಲ್ಲ? ಊಟ ಆಯ್ತಾ? ಆಯ್ತು, ಉಮ್ಮನಿಗೆ ಕೊಡು." ಎರಡು ವರ್ಷಕ್ಕೊಮ್ಮೆ ಆ ದನಿಗೆ ಮೈ ಬರುತ್ತಿತ್ತು, ಅತ್ತರಿನ ಮತ್ತು ಹಾಲಿನ ಪುಡಿಯ ವಾಸನೆಯೊಂದಿಗೆ. ಎರಡು ತಿಂಗಳಾದ ಮೇಲೆ ಮೈ ಹೋಗಿ ದನಿ ಮಾತ್ರ ಉಳಿಯುತ್ತಿತ್ತು.

ನಾನು ನಾಲ್ಕನೆಯ ತರಗತಿಯಲ್ಲಿದ್ದಾಗಿನ ಒಂದು ಚಳಿಗಾಲ ಮಾತ್ರ ಹಾಗಿರಲಿಲ್ಲ.

ಉಪ್ಪ, ಅಂದರೆ ಅಪ್ಪ, ಸೌದಿಯ ರಾಸ್ ತನೂರಾದಲ್ಲಿ ಬಡಗಿಯಾಗಿದ್ದರು. ಕಾಂಕ್ರೀಟು ಸುರಿಯುವ ಮುನ್ನ ಹಲಗೆ ಬಡಿಯುವ ಶಟರಿಂಗ್ ಕೆಲಸ. ಅಲ್ಲಿ ವಾಸಿಸಲು ಕೊಡುವ ಇಕಾಮಾದಲ್ಲಿ ಅವರ ಕೆಲಸ ಬಡಗಿ ಎಂದೇ ಬರೆದಿತ್ತು. ಹಾಗೆ ಬರೆಸಿಕೊಂಡವರು ಹೆಂಡತಿ ಮಕ್ಕಳನ್ನು ಜೊತೆಗೆ ಇಟ್ಟುಕೊಳ್ಳುವಂತಿರಲಿಲ್ಲ. ಆ ವರ್ಷ ಅವರ ಕಫೀಲ್, ಅಂದರೆ ಅವರಿಗೆ ಕೆಲಸ ಕೊಟ್ಟಿದ್ದ ಅರಬ ಯಜಮಾನ, ತಾನೇ ಮುಂದೆ ನಿಂತು ನಮಗೆ ಮೂರು ತಿಂಗಳ ವಿಸಿಟ್ ವೀಸಾ ಮಾಡಿಸಿಕೊಟ್ಟ. ಅದಕ್ಕೆ ಕಾರಣ ಒಂದು ಹಡಗು.

ಕಫೀಲನ ಅಜ್ಜ ಖರ್ಜೂರದ ವ್ಯಾಪಾರಿಯಾಗಿದ್ದನಂತೆ. ಅವನ ಮಂಜಿ, ಅಂದರೆ ಹಾಯಿ ಕಟ್ಟಿದ ಸರಕಿನ ಹಡಗು, ನಮ್ಮ ಮಂಗಳೂರು ಕಡೆ ಕಟ್ಟಿದ್ದು. ಕಡಲ ದಂಡೆಯಲ್ಲಿ ತಾನು ಕಟ್ಟಿಸುತ್ತಿದ್ದ ಹೋಟೆಲಿನ ಬಾಗಿಲಲ್ಲಿ ಅಂಥದೇ ಹಡಗು, ಕಾಲು ಭಾಗದ ಗಾತ್ರದಲ್ಲಿ, ನಿಲ್ಲಬೇಕೆಂದು ಅವನ ಆಸೆ. ಉಪ್ಪ ಒಂದು ಮಧ್ಯಾಹ್ನ, ತಮ್ಮ ಅಜ್ಜ ಅಂಥ ಹಡಗು ಕಟ್ಟುವ ಮೇಸ್ತ್ರಿಯಾಗಿದ್ದರು, ಅದರ ಅಳತೆ ಈಗಲೂ ನಮ್ಮ ಮನೆಯಲ್ಲಿದೆ ಎಂದುಬಿಟ್ಟಿದ್ದರು. ಹಡಗು ಸರಿಯಾಗಿ ಬಂದರೆ ಇಕಾಮಾದಲ್ಲಿ ಬಡಗಿ ತೆಗೆಸಿ ಫೋರ್‌ಮನ್ ಎಂದು ಬರೆಸುವುದಾಗಿ ಕಫೀಲ್ ಮಾತು ಕೊಟ್ಟ. ಫೋರ್‌ಮನ್ ಸಂಸಾರ ಇಟ್ಟುಕೊಳ್ಳಬಹುದು. ಫೋನಿನ ದನಿಗೆ ಕಾಯಂ ಮೈ ಬರುವುದೋ ಇಲ್ಲವೋ ಎಂಬುದು ಆ ಹಡಗಿನ ಮೇಲೆ ನಿಂತಿತ್ತು.

ಅಳತೆ ಎಂದರೆ ಒಂದು ಹಗ್ಗ. ಕಿರುಬೆರಳಿನ ದಪ್ಪದ ಹತ್ತಿಯ ಹಗ್ಗ, ಮೀನೆಣ್ಣೆ ಕುಡಿದು ಕುಡಿದು ಕಪ್ಪಾಗಿತ್ತು. ಅದರಲ್ಲಿ ಹನ್ನೊಂದು ಗಂಟು. ಉಪ್ಪ ಹೇಳಿದ್ದರೆಂದು ಉಮ್ಮ ಅದನ್ನು ಟವೆಲಿನಲ್ಲಿ ಸುತ್ತಿ ಪೆಟ್ಟಿಗೆಯಲ್ಲಿ ತಂದಿದ್ದರು. ವಿಮಾನ ನಿಲ್ದಾಣದಲ್ಲಿ ಸುಂಕದವನು ಟವೆಲು ಬಿಚ್ಚಿ, ಮೂಗು ಮುಚ್ಚಿಕೊಂಡು, ಹೋಗಿ ಹೋಗಿ ಎಂದು ಕೈ ಬೀಸಿದ. ನಮ್ಮನ್ನು ಕರೆದೊಯ್ಯಲು ಪಿಕಪ್ ತಂದಿದ್ದ ಹಸನಾಕ, ಉಪ್ಪನ ಕ್ಯಾಂಪಿನ ಗೆಳೆಯ, ಉಪ್ಪನನ್ನು ಕೆಣಕಿದರು.

"ಎಂತ ಮಾರಾಯ, ಒಣಮೀನು ಬರ್ತದೆ ಅಂತ ನಾನು ಕಾದು ಕೂತ್ರೆ ಇವರು ಮೀನಿನ ಕರುಳು ತಂದಿದ್ದಾರಲ್ಲ!"

ಉಪ್ಪ ನಗಲಿಲ್ಲ. ಹಗ್ಗವನ್ನು ಮಡಿಲಲ್ಲಿಟ್ಟುಕೊಂಡು ದಾರಿಯುದ್ದಕ್ಕೂ ಕೂತಿದ್ದರು. ನಾನು ಅವರ ಪಕ್ಕದಲ್ಲಿದ್ದೆ.

ಒಂದು ಲಾಂಡ್ರಿಯ ಮೇಲಿನ ಎರಡು ಕೋಣೆಗಳು ನಮ್ಮ ಮನೆ. ಕೆಳಗಿನಿಂದ ಇಸ್ತ್ರಿಯ ಹಬೆ, ಗಾಳಿ ತಿರುಗಿದಾಗ ಎಣ್ಣೆ ಶುದ್ಧೀಕರಣ ಘಟಕದ ಕೊಳೆತ ಮೊಟ್ಟೆಯಂಥ ವಾಸನೆ, ನಡುವೆ ಉಮ್ಮನ ಹಮೂರ್ ಮೀನಿನ ಸಾರು. ಬೆಳಿಗ್ಗೆ ಎದುರಿನ ಬೇಕರಿಯಿಂದ ಬಿಸಿ ಖುಬ್ಬೂಸ್ ರೊಟ್ಟಿ ತರುವುದು ನನ್ನ ಮತ್ತು ಉಪ್ಪನ ಕೆಲಸ. ಬರುವ ದಾರಿಯಲ್ಲಿ ಒಂದನ್ನು ಇಬ್ಬರೂ ಹರಿದು ತಿಂದು ಮುಗಿಸಿ, ಉಮ್ಮನ ಮುಂದೆ ಬೇಕರಿಯವನೇ ಕಡಿಮೆ ಕೊಟ್ಟ ಎನ್ನುತ್ತಿದ್ದೆವು.

ನಮ್ಮ ಮನೆಮಾತು ಬ್ಯಾರಿ. ಆದರೆ ಉಪ್ಪ ನನ್ನೊಂದಿಗೆ ಮಾತ್ರ ಕನ್ನಡ ಆಡುತ್ತಿದ್ದರು, ನಾನು ಶಾಲೆಯಲ್ಲಿ ಹಿಂದೆ ಬೀಳಬಾರದೆಂದು. ಅವರು ಓದಿದ್ದು ಮೂರನೆಯ ತರಗತಿ. ಅವರ ಕನ್ನಡ ಬಂದರಿನ ಕನ್ನಡ. ಅದಕ್ಕೆ ನನ್ನ ಪಾಠಪುಸ್ತಕದಿಂದ ಹೊಸ ಪದಗಳನ್ನು ಹೆಕ್ಕಿ ಸೇರಿಸಿಕೊಳ್ಳುತ್ತಿದ್ದರು. 'ಚಿತ್ರ ಬರೆ' ಅಲ್ಲ, 'ಚಿತ್ರ ಬಿಡಿಸು' ಎನ್ನಬೇಕು ಎಂದು ಅವರಿಗೆ ಕಲಿಸಿದವಳು ನಾನೇ. ಆ ಪದ ಅವರಿಗೆ ಹಿಡಿಸಿತ್ತು. "ಬಿಡಿಸುದು, ಬಿಡಿಸುದು" ಎಂದು ಎರಡು ಸಲ ಹೇಳಿ ನೋಡಿದ್ದರು.

ಸಂಜೆ ಅವರು ಚಾಪೆಯ ಮೇಲೆ ಹಗ್ಗವನ್ನು ಉದ್ದಕ್ಕೆ ಹಾಸಿ ನನಗೆ ಗಂಟುಗಳ ಹೆಸರು ಕಲಿಸಿದರು. ಹಗ್ಗದ ತುದಿಯಲ್ಲೇ ಇದ್ದದ್ದು ಮೂಗು. ಆಮೇಲೆ ಗದ್ದ, ಕೊರಳು, ಹೆಗಲು, ಎದೆ, ಮೊದಲ ಪಕ್ಕೆ, ಹೊಟ್ಟೆ, ಕೊನೆಯ ಪಕ್ಕೆ, ಸೊಂಟ, ಬೆನ್ನು, ಬಾಲ. ಬಾಲದ ಆಚೆ ಇನ್ನೂ ಸ್ವಲ್ಪ ಹಗ್ಗ ಉಳಿದಿತ್ತು. ಒಂದೊಂದು ಹೆಸರಿಗೂ ನನ್ನ ಮೈ ಮುಟ್ಟಿ ತೋರಿಸುತ್ತಿದ್ದರು. ಪಕ್ಕೆಯ ಹೊತ್ತಿಗೆ ನಾನು ಕಚಗುಳಿಗೆ ಉರುಳುತ್ತಿದ್ದೆ.

"ಬಾಲ ಎಲ್ಲುಂಟು?"

"ಇಲ್ಲ."

"ಹಾಗಾದ್ರೆ ನೀನು ಅರ್ಧ ಕಟ್ಟಿದ ಹಡಗು. ನಾಳೆ ಬಾ, ಬಾಲ ಇಟ್ಟುಕೊಡುವಾ."

ಮೂಗಿನಿಂದ ಒಂದು ಗಂಟಿಗೆ ಎಷ್ಟು ದೂರವೋ, ನಿಜವಾದ ಹಡಗಿನಲ್ಲಿ ಅದರ ನಾಲ್ಕು ಪಟ್ಟು. ಕಫೀಲನ ಹಡಗು ಕಾಲು ಭಾಗದ್ದಾದ್ದರಿಂದ ಹಗ್ಗದಲ್ಲಿ ಇದ್ದದ್ದೇ ಅಳತೆ. ಹೆಸರುಗಳು ಉಪ್ಪನಿಗೆ ಬಾಯಿಪಾಠ. ದೂರಗಳು ಬಾಯಲ್ಲಿ ಇರಲಿಲ್ಲ, ಹಗ್ಗದಲ್ಲಿ ಮಾತ್ರ ಇದ್ದವು.

ಶುಕ್ರವಾರ ಮಧ್ಯಾಹ್ನದ ಮೇಲೆ ಕಡಲ ದಂಡೆಗೆ ಹೋಗುತ್ತಿದ್ದೆವು. ದೂರದಲ್ಲಿ ಎಣ್ಣೆಯ ಹಡಗುಗಳು, ಒಂದೊಂದೂ ನಮ್ಮ ಬೆಂಗ್ರೆಯಷ್ಟು ಉದ್ದ, ಅಲುಗಾಡದೆ ನಿಂತಿರುತ್ತಿದ್ದವು. ಉಪ್ಪ ಅವುಗಳಿಗೆ ಬೆನ್ನು ಹಾಕಿ ಕೂತು ಅವರ ಅಜ್ಜನ ಕಥೆ ಹೇಳುತ್ತಿದ್ದರು. ಹೊಳೆ ಕಡಲಿಗೆ ಸೇರುವಲ್ಲಿ ಮರಳ ಮೇಲೆ ಅಡಿಮರ ಇಟ್ಟು, ಹಲಗೆಗಳ ಸಂದಿಗೆ ಹತ್ತಿ ತುರುಕಿ, ಮೀನೆಣ್ಣೆಯಲ್ಲಿ ಕುದಿಸಿದ ಮೇಣ ಮೆತ್ತಿ ಕಟ್ಟಿದ ಮಂಜಿಗಳು ಹೆಂಚು ಅಕ್ಕಿ ಹೊತ್ತು ಬಸ್ರಾಕ್ಕೆ ಹೋಗಿ ಖರ್ಜೂರ ಹೊತ್ತು ಬರುತ್ತಿದ್ದವಂತೆ. ಮೊದಲ ಮಹಾಯುದ್ಧದ ಕಾಲದಲ್ಲಿ ಆ ಅಜ್ಜನನ್ನು ಬೊಂಬಾಯಿಗೆ ಕರೆದೊಯ್ದರು. ಅಲ್ಲಿ ಯುದ್ಧದ ಹಡಗುಗಳ ಮರದ ಕೆಲಸ. ಕೆಂಪಗೆ ಕಾಸಿದ ಮೊಳೆಯನ್ನು ಒಬ್ಬ ಇಕ್ಕಳದಿಂದ ಎಸೆಯುವುದು, ಮೇಲಿದ್ದವನು ಡಬ್ಬದಲ್ಲಿ ಹಿಡಿಯುವುದು, ಇಬ್ಬರು ಎರಡೂ ಕಡೆಯಿಂದ ಬಡಿದು ಕಬ್ಬಿಣದ ತಗಡನ್ನು ತಗಡಿಗೆ ಸೇರಿಸುವುದು. ಆ ಸದ್ದಿಗೆ ಅಜ್ಜನಿಗೆ ಒಂದು ಕಿವಿಯೇ ಹೋಯಿತು.

"ಅಲ್ಲಿ ದೊರೆ ಕಾಗದ ಹಾಸಿ ಹಡಗು ತೋರಿಸ್ತಿದ್ದನಂತೆ. ಇವರ ಹತ್ರ ನಿನ್ನ ಕಾಗದ ಎಲ್ಲಿ ಕೇಳಿದ. ಇವರು ಸೊಂಟದಿಂದ ಹಗ್ಗ ತೆಗೆದು ತೋರಿಸಿದ್ರು. ಎಲ್ಲ ನಗಾಡಿದ್ರಂತೆ."

"ಅಜ್ಜ ಕಾಗದದಲ್ಲಿ ಯಾಕೆ ಬರೀಲಿಲ್ಲ?"

"ಕಾಗದ ಇದ್ರೆ ಯಾರು ಬೇಕಾದ್ರೂ ಕಟ್ಟಬಹುದಲ್ಲ ಮಗಾ. ಮತ್ತೆ ಮೇಸ್ತ್ರಿಯನ್ನು ಯಾರು ಕೇಳ್ತಾರೆ? ಊರಿಗೆ ಬಂದು ಎಲ್ಲರ ಹತ್ರ ಆಣೆ ಹಾಕಿಸಿದ್ರು, ಹಗ್ಗವನ್ನು ಕಾಗದಕ್ಕೆ ಇಳಿಸಬಾರದು ಅಂತ."

"ಆಮೇಲೆ ಎಷ್ಟು ಹಡಗು ಕಟ್ಟಿದ್ರು?"

"ಎರಡು."

"ಅಷ್ಟೇಯಾ?"

"ಕಬ್ಬಿಣದ್ದು ಬಂತಲ್ಲ" ಎಂದರು ಉಪ್ಪ, ಹಿಂದಕ್ಕೆ ತಿರುಗದೆ ಹೆಬ್ಬೆರಳಿನಿಂದ ಕಡಲನ್ನು ತೋರಿಸಿ.

ಎರಡನೆಯ ತಿಂಗಳಲ್ಲಿ ಮರ ಬಂತು. ಅದರೊಂದಿಗೆ ಹೋಟೆಲು ಕೆಲಸದ ಇಂಜಿನಿಯರ್ ಬಂದ, ಈಜಿಪ್ಟಿನವನು. ನಕ್ಷೆ ಇಲ್ಲದೆ ಒಂದು ಹಲಗೆಯನ್ನೂ ಕೊಯ್ಯಲು ಬಿಡುವುದಿಲ್ಲ ಎಂದ. "ಮಾಫಿ ವರಕ್, ಮಾಫಿ ಶುಗುಲ್." ಕಾಗದ ಇಲ್ಲ, ಕೆಲಸ ಇಲ್ಲ. ಉಪ್ಪ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಮೂರನೆಯ ದಿನ ಕಂದು ಕಾಗದದ ಒಂದು ದೊಡ್ಡ ಸುರುಳಿ ಕೊಂಡು ತಂದರು. ಅಜ್ಜನ ಆಣೆಯನ್ನು ಅವರು ನಮಗಾಗಿ ಮುರಿಯಲು ಹೊರಟಿದ್ದರು ಎಂಬುದು ಆಗ ನನಗೆ ತಿಳಿಯಲಿಲ್ಲ.

ಮರುದಿನ ಗುರುವಾರ, ಅರ್ಧ ದಿನದ ಕೆಲಸ. ಹೊರಡುವಾಗ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ಉಪ್ಪ ನನ್ನ ಕಡೆ ನೋಡಿದರು. ಬಹಳ ಖುಷಿಯಲ್ಲಿದ್ದರು.

"ಶನಿವಾರ ಇಂಜಿನಿಯರ್ ಬರ್ತಾನೆ. ಅಷ್ಟರೊಳಗೆ ಈ ಗಂಟೆಲ್ಲ ಬಿಡಿಸಿ ಆಗ್ಬೇಕು ಮಗಾ. ಬಿಡಿಸಿ ಆದ್ರೆ ನೀವು ಮತ್ತೆ ಇಲ್ಲೇ."

ನನಗೆ ಚಿತ್ರ ಬಿಡಿಸುವುದೂ ಗೊತ್ತಿತ್ತು, ಗಂಟು ಬಿಡಿಸುವುದೂ ಗೊತ್ತಿತ್ತು. ಆದರೆ ಅವರು ಹೇಳಿದ ಮಾತಿನಲ್ಲಿ ಚಿತ್ರ ಇರಲಿಲ್ಲ, ಗಂಟು ಇತ್ತು. ಉಮ್ಮ ಬೀಗದ ಕೈಯನ್ನು ಶಾಲಿನ ತುದಿಯಲ್ಲಿ ಗಂಟು ಹಾಕಿ ಇಡುತ್ತಿದ್ದರು. ಬೇಕಾದಾಗ ಬಿಡಿಸಿ ತೆಗೆಯುತ್ತಿದ್ದರು. ಹಡಗಿನ ಅಳತೆಯೂ ಹಾಗೆ ಗಂಟಿನೊಳಗೆ ಕಟ್ಟಿಟ್ಟ ವಸ್ತು, ಬಿಡಿಸಿದರೆ ಹೊರಗೆ ಬರುತ್ತದೆ ಎಂದುಕೊಂಡೆ. ಉಪ್ಪ ದಣಿದು ಬರುವಷ್ಟರಲ್ಲಿ ನಾನೇ ಮಾಡಿ ಮುಗಿಸಬೇಕು ಎಂದೂ ಅಂದುಕೊಂಡೆ.

ಉಮ್ಮ ಪಕ್ಕದ ಮಲಯಾಳಿಗಳ ಮನೆಗೆ ಹೋಗಿದ್ದರು. ನಾನು ಉಮ್ಮನ ಶಾಲಿನ ಪಿನ್ನು ಮತ್ತು ಒಂದು ಫೋರ್ಕು ತೆಗೆದುಕೊಂಡು ಕೂತೆ. ಗಂಟುಗಳು ಕಲ್ಲಿನಂತಿದ್ದವು. ಮೂಗಿಗೇ ಅರ್ಧ ಗಂಟೆ ಹಿಡಿಯಿತು. ಉಗುರು ಸೀಳಿತು. ನಾನು ಅವಸರ ಮಾಡಲಿಲ್ಲ, ಒಂದು ಎಳೆಯನ್ನೂ ಹರಿಯಲಿಲ್ಲ. ಎಲ್ಲವನ್ನೂ ಅಚ್ಚುಕಟ್ಟಾಗಿ ಮಾಡುವ ನನ್ನ ಅಭ್ಯಾಸ ಆಗಲೇ ಇತ್ತು. ಒಂದೊಂದು ಬಿಟ್ಟಾಗಲೂ ಅದರ ಹೆಸರು ಹೇಳಿದೆ. ಹೊಟ್ಟೆ. ಕೊನೆಯ ಪಕ್ಕೆ. ಸೊಂಟ. ಹನ್ನೊಂದೂ ಮುಗಿದ ಮೇಲೆ ಹಗ್ಗ ಕೊಳಕಾಗಿ, ಡೊಂಕಾಗಿ ಕಂಡಿತು. ಇಂಜಿನಿಯರ್ ಮೂಗು ಮುಚ್ಚಿಕೊಂಡರೆ? ಬಕೆಟಿನ ಬಿಸಿನೀರಿಗೆ ಸೋಪಿನ ಪುಡಿ ಹಾಕಿ ಮೂರು ಸಲ ತೊಳೆದೆ. ತಾರಸಿಯಲ್ಲಿ ಎರಡು ಕಂಬಿಗಳ ನಡುವೆ ಬಿಗಿಯಾಗಿ ಎಳೆದು ಕಟ್ಟಿ, ಡೊಂಕು ಹೋಗಲೆಂದು ನಡುವೆ ನೀರು ತುಂಬಿದ ಕ್ಯಾನು ತೂಗುಹಾಕಿದೆ. ಆ ಬಿಸಿಲಿಗೆ ಬೇಗ ಒಣಗಿತು. ಹಗ್ಗ ಬೂದು ಬಣ್ಣಕ್ಕೆ ತಿರುಗಿತ್ತು, ಬಹಳ ನೇರವಾಗಿತ್ತು.

ಮಧ್ಯಾಹ್ನ ಇಳಿದ ಮೇಲೆ ಉಪ್ಪ ಮತ್ತು ಹಸನಾಕ ಮೀನು ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದಾಗ ಕೈಹಿಡಿದು ತಾರಸಿಗೆ ಕರೆದೊಯ್ದೆ.

"ಓಹೋ, ಬಟ್ಟೆ ಒಣಗಿಸಲಿಕ್ಕೆ ಹೊಸ ಹಗ್ಗವಾ!" ಎಂದರು ಹಸನಾಕ.

"ಅಲ್ಲ. ಉಪ್ಪನದ್ದು. ಹನ್ನೊಂದೂ ಬಿಡಿಸಿದೆ."

ಉಪ್ಪ ಮೀನಿನ ಚೀಲವನ್ನು ನೆಲಕ್ಕಿಟ್ಟರು. ಹಗ್ಗದ ಹತ್ತಿರ ಹೋಗಿ, ಕಣ್ಣು ಮುಚ್ಚಿ, ಎರಡು ಬೆರಳ ನಡುವೆ ಅದನ್ನು ಮೂಗಿನ ತುದಿಯಿಂದ ಹಿಡಿದುಕೊಂಡು ನಡೆದರು. ಅಲ್ಲಲ್ಲಿ ನಿಂತರು. ಹಿಂದಕ್ಕೆ ಬಂದು ಮತ್ತೆ ನಡೆದರು. ನಾಲ್ಕು ಕಡೆ ಎಳೆಯಲ್ಲಿ ಸಣ್ಣ ಸೊಟ್ಟು ಸಿಕ್ಕಿತೆಂದು ಹಸನಾಕನಿಗೆ ಹೇಳಿದರು. ಆದರೆ ಅದು ಯಾವ ಗಂಟಿನದು? ತೊಳೆದ ಹಗ್ಗ ಕುಗ್ಗಿತ್ತು, ತೂಕಕ್ಕೆ ಎಲ್ಲೆಲ್ಲೋ ಹಿಗ್ಗಿತ್ತು. ಸಿಕ್ಕಿದ ನಾಲ್ಕೂ ಸುಳ್ಳು.

ಅಷ್ಟರಲ್ಲಿ ಮೇಲೆ ಬಂದ ಉಮ್ಮ ನೋಡಿದ ಕೂಡಲೇ ಕೈ ಎತ್ತಿದರು. ಉಪ್ಪ ಆ ಕೈ ಹಿಡಿದರು. ನಾನು ಅಳುತ್ತ, "ನೀವೇ ಬಿಡಿಸ್ಬೇಕು ಅಂದ್ರಲ್ಲ" ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. ಪದ ಎಲ್ಲಿ ತಪ್ಪಿತು ಎಂದು ಹುಡುಕುತ್ತಿದ್ದರು. ಸಿಕ್ಕಿತು ಎಂಬುದು ನನಗೂ ಕಂಡಿತು.

"ಹೌದು ಮಗಾ. ನಾನೇ ಹೇಳಿದ್ದು."

ಉಪ್ಪ ನನ್ನೊಂದಿಗೆ ಆಡಿದ ಕೊನೆಯ ಕನ್ನಡದ ಮಾತು ಅದು.

ಶನಿವಾರ ಅವರು ಖಾಲಿ ಕಾಗದದ ಸುರುಳಿಯನ್ನೇ ಹಿಡಿದುಕೊಂಡು ಹೋದರು. ಅಲ್ಲಿ ಏನಾಯಿತು ಎಂಬುದನ್ನು ಹಸನಾಕ ಬಂದು ಉಮ್ಮನಿಗೆ ಹೇಳಿದ್ದು ಒಳಗಿನಿಂದ ಕೇಳಿಸಿಕೊಂಡೆ. ಅಳತೆ ಇಲ್ಲ, ನನ್ನ ತಪ್ಪು ಎಂದಷ್ಟೇ ಉಪ್ಪ ಹೇಳಿದರಂತೆ. ಇಂಜಿನಿಯರ್ 'ಕದ್ದಾಬ್' ಎಂದ, ಸುಳ್ಳುಗಾರ. ಕಫೀಲ್ ಎದ್ದು ಹೋದ.

"ಮಗು ಬಿಡಿಸಿತು ಅಂತ ಹೇಳು ಮಾರಾಯ, ಕಫೀಲನಿಗೂ ಮಕ್ಕಳುಂಟು ಅಂತ ನಾನು ಎಷ್ಟು ಹೇಳಿದೆ! ಅವಳ ಹೆಸರು ಅಲ್ಲಿ ಬೇಡ ಅಂತಾನೆ."

ನಮ್ಮ ಕೊನೆಯ ವಾರದಲ್ಲಿ ಲಾರಿಯ ಮೇಲೆ ಫೈಬರಿನ ಬಿಳಿ ಹಡಗೊಂದು ಬಂದು ಹೋಟೆಲಿನ ಮುಂದೆ ಇಳಿಯಿತು. ವಿಮಾನ ನಿಲ್ದಾಣದ ದಾರಿಯಲ್ಲಿ ಅದು ಎದುರಾದಾಗ ಹಸನಾಕ ಏನೂ ತಮಾಷೆ ಮಾಡಲಿಲ್ಲ.

ಅದಾದ ಮೇಲೂ ಶುಕ್ರವಾರ ಫೋನು ಬರುತ್ತಿತ್ತು. ಶಾಲೆ, ಊಟ, ಉಮ್ಮನಿಗೆ ಕೊಡು, ಎಲ್ಲವೂ ಬ್ಯಾರಿಯಲ್ಲಿ. ನಾನು ಕನ್ನಡದಲ್ಲಿ ಉತ್ತರಿಸಿ ನೋಡಿದೆ, ಅವರು ಬ್ಯಾರಿಯಲ್ಲೇ ಮುಂದುವರಿಸಿದರು. ಅದು ಸಿಟ್ಟಾಗಿರಲಿಲ್ಲ. ತಮ್ಮ ಕನ್ನಡದ ಮೇಲೆ ಅವರಿಗೆ ನಂಬಿಕೆ ಹೋಗಿತ್ತು. ಹಗ್ಗದ ಬಗ್ಗೆ ನಾವಿಬ್ಬರೂ ಒಮ್ಮೆಯೂ ಮಾತಾಡಲಿಲ್ಲ. ಕ್ಷಮಿಸಿ ಎನ್ನಲು ನಾನು ಪ್ರತಿ ಸಲವೂ ಮುಂದಿನ ರಜೆ ಎಂದುಕೊಂಡೆ. ನನ್ನ ಪದವಿಯ ಕೊನೆಯ ವರ್ಷ ಅವರು ರಾಸ್ ತನೂರಾದಲ್ಲಿ ಕೆಲಸದ ಮೇಲೆ ಇದ್ದಾಗಲೇ ತೀರಿಕೊಂಡರು. ದಫನವೂ ಅಲ್ಲೇ ಆಯಿತು. ಇಕಾಮಾದಲ್ಲಿ ಕೊನೆಯವರೆಗೂ ಬಡಗಿ.

ಈಗ ನಾನು ಸೌದಿಯದೇ ಅಭಾದ ಒಂದು ಆಸ್ಪತ್ರೆಯ ಪ್ರಯೋಗಾಲಯದಲ್ಲಿದ್ದೇನೆ. ಇದು ಬೆಟ್ಟದ ಊರು, ಕಡಲು ಕಾಣುವುದಿಲ್ಲ. ನನ್ನ ಇಕಾಮಾದಲ್ಲಿ ಬರೆದಿರುವ ಕೆಲಸಕ್ಕೆ ತಂದೆ ತಾಯಿಯನ್ನು ಕರೆಸಿಕೊಳ್ಳುವ ಅವಕಾಶವಿದೆ. ಅರ್ಜಿಯಲ್ಲಿ ತಂದೆಯ ಹೆಸರಿಗೆ ಒಂದು ಸಾಲು ಇದೆ. ಉಮ್ಮನನ್ನು ಕರೆಸುವಾಗ ಅದರ ಮೇಲೆ ಗೀಟು ಎಳೆದೆ. ರಾಸ್ ತನೂರಾಕ್ಕೆ ಒಮ್ಮೆ ಹೋಗಿದ್ದೆ. ಅಲ್ಲಿನ ಗೋರಿಗಳ ಮೇಲೆ ಹೆಸರಿಲ್ಲ, ಹೆಂಗಸರನ್ನು ಒಳಗೆ ಬಿಡುವುದಿಲ್ಲ. ಗೋಡೆಯ ಹೊರಗೆ ಕಾರಿನಲ್ಲಿ ಕೂತು ವಾಪಸು ಬಂದೆ.

ಉಪ್ಪನ ಪೆಟ್ಟಿಗೆಯನ್ನು ಹಸನಾಕ ಊರಿಗೆ ಮುಟ್ಟಿಸಿದ್ದರು. ಅದರಲ್ಲಿ ಕಂದು ಕಾಗದದ ಸುರುಳಿಯೂ ಇತ್ತು, ಒಂದು ಗೆರೆಯೂ ಇಲ್ಲದೆ, ಹಗ್ಗವೂ ಇತ್ತು. ಹಗ್ಗವನ್ನು ಇಲ್ಲಿಗೆ ತಂದುಕೊಂಡಿದ್ದೇನೆ. ಅಳೆದಿದ್ದೇನೆ: ಏಳು ಮೀಟರ್ ಹನ್ನೆರಡು ಸೆಂಟಿಮೀಟರ್. ಹನ್ನೊಂದು ಹೆಸರುಗಳೂ ಕ್ರಮವಾಗಿ ಬಾಯಿಗೆ ಬರುತ್ತವೆ. ಅವುಗಳಲ್ಲಿ ಎಲ್ಲಿತ್ತೆಂದು ಖಚಿತವಾಗಿ ಗೊತ್ತಿರುವುದು ಒಂದೇ, ಏಕೆಂದರೆ ಅದು ತುದಿಯಲ್ಲೇ ಇತ್ತು. ಹೋದ ಶುಕ್ರವಾರ ಅದನ್ನು ಮತ್ತೆ ಹಾಕಿದೆ. ಮೂಗು. ಆಮೇಲೆ ಹಗ್ಗವನ್ನು ಎರಡು ಬೆರಳ ನಡುವೆ ಹಿಡಿದು, ಕಣ್ಣು ಮುಚ್ಚಿ, ಗದ್ದವನ್ನು ಹುಡುಕುತ್ತ ಕೋಣೆಯ ಉದ್ದಕ್ಕೆ ನಡೆದೆ. ಗೋಡೆ ಬಂತು. ಹಗ್ಗ ಇನ್ನೂ ನುಣ್ಣಗೇ ಇತ್ತು.