ಹಕ್ಕಿ ರೊಟ್ಟಿ

ಮಗಳನ್ನು ಹಾಸ್ಟೆಲ್ ಇರುವ ಶಾಲೆಗೇ ಸೇರಿಸಬೇಕು ಎನ್ನುವುದರಲ್ಲಿ ನಮ್ಮ ಮನೆಯಲ್ಲಿ ಜಗಳವಿರಲಿಲ್ಲ. ನನಗೆ ಯಳಂದೂರಿನಲ್ಲಿ ಕಚೇರಿ ಕೆಲಸ, ಯಜಮಾನರಿಗೆ ಕುಂತೂರಿನ ಸಕ್ಕರೆ ಕಾರ್ಖಾನೆಯಲ್ಲಿ ಪಾಳಿ. ಸತ್ತೇಗಾಲದ ಮನೆಯಲ್ಲಿ ಸಂಜೆಯೆಲ್ಲ ಮಗು ಒಬ್ಬಳೇ. ಜಗಳ ಇದ್ದದ್ದು ಯಾವ ಶಾಲೆ ಎನ್ನುವುದರಲ್ಲಿ.

ನಮ್ಮ ಕಡೆಯವರಿಗೂ ಹಕಾರಕ್ಕೂ ಅಷ್ಟಕ್ಕಷ್ಟೆ. ಹಾಲು ನಮ್ಮ ಬಾಯಲ್ಲಿ ಆಲು, ಹಸು ಅಸು. ಕೊಳ್ಳೇಗಾಲದಲ್ಲಿ ಮಗಳು ಓದುತ್ತಿದ್ದ ಶಾಲೆಯಲ್ಲಿ ಮೇಡಂ ಒಬ್ಬರು ಇದನ್ನು ರಿಪೇರಿ ಮಾಡಲು ಹೊರಟರು. ಬಾಯಿಯ ಮುಂದೆ ಕಾಗದದ ಚೂರು ಹಿಡಿದು, ಅದು ಅಲ್ಲಾಡುವ ತನಕ 'ಹಾಲು' ಅನ್ನಿಸುತ್ತಿದ್ದರಂತೆ. ಕ್ಲಾಸೆಲ್ಲ ನಗುತ್ತಿತ್ತಂತೆ. ಮಗಳು ಹೆದರಿ ಸಿಕ್ಕಸಿಕ್ಕ ಮಾತಿಗೆಲ್ಲ ಹ ಸೇರಿಸತೊಡಗಿದಳು. ನಾನು 'ಹಮ್ಮ' ಆದೆ. ಕೊನೆಗೆ ಹೊರಗಿನವರ ಮುಂದೆ ಬಾಯಿ ಬಿಡುವುದನ್ನೇ ನಿಲ್ಲಿಸಿದಳು. ಬೀದಿ ತುಂಬ ಹರಟುತ್ತಿದ್ದ ಹುಡುಗಿ ಹೀಗಾದಳಲ್ಲ ಎಂದು ನನಗೆ ಭಯವಾಯಿತು. ಕೋಪ ಅದಕ್ಕಿಂತ ಹೆಚ್ಚಾಗಿತ್ತು.

ಯಜಮಾನರ ಅಣ್ಣ, ನಮ್ಮ ಬಾವ, ಮೈಸೂರಿನ ಹತ್ತಿರದ ಒಂದು ದೊಡ್ಡ ಶಾಲೆಗೆ ಕರೆದುಕೊಂಡು ಹೋದರು. ಅಲ್ಲಿ ಕುದುರೆ ಸವಾರಿ ಕೂಡ ಕಲಿಸುತ್ತಾರಂತೆ. ಸಂದರ್ಶನದಲ್ಲಿ ಒಬ್ಬರು ಪ್ರೀತಿಯಿಂದಲೇ ಕೇಳಿದರು, "ಬೆಳಗ್ಗೆ ಏನು ತಿಂದೆ ಪುಟ್ಟಾ?"

ನಾನು ಬೆನ್ನು ತಟ್ಟಿದ ಮೇಲೆ ಅವಳು ಬಹಳ ಯೋಚನೆ ಮಾಡಿ, ಎಚ್ಚರಿಕೆಯಿಂದ, "ಹಕ್ಕಿ ರೊಟ್ಟಿ" ಎಂದಳು.

"ಯಾವ ಹಕ್ಕಿ? ಗುಬ್ಬೀನಾ, ಪಾರಿವಾಳಾನಾ?"

ಮೇಜಿನ ಆಚೆಯವರೆಲ್ಲ ನಕ್ಕರು. ಈಚೆ ಕೂತ ಬಾವನೂ ನಕ್ಕರು. "ಯೋಚನೆ ಮಾಡ್ಬೇಡಿ, ಸ್ವಲ್ಪ ದಿನ ನಮ್ಮಲ್ಲಿದ್ರೆ ಹಳ್ಳಿ ವಾಸನೆ ಎಲ್ಲ ಹೋಗುತ್ತೆ" ಎಂದು ಶಾಲೆಯವರು ಸೀಟನ್ನೂ ಕೊಟ್ಟರು. ನಾನು ಬ್ಯಾಗು ಹೆಗಲಿಗೆ ಹಾಕಿಕೊಂಡೆ. "ವಾಸನೆ ನಮ್ದು, ನಮಗೇ ಇರ್ಲಿ ಬಿಡಿ" ಎಂದು ಮಗಳ ಕೈ ಹಿಡಿದು ಎದ್ದುಬಂದೆ. ವಾಪಸ್ ಬರುವಾಗ ಬಸ್ಸಿನಲ್ಲಿ ಬಾವ ದೂರದ ಸೀಟಿಗೆ ಹೋಗಿ ಕೂತರು. ಅದೊಂದು ಉಪಕಾರವಾಯಿತು.

ಹನೂರು ದಾಟಿ ಮಾರ್ಟಳ್ಳಿಯ ದಾರಿಯಲ್ಲಿ ಹಾಸ್ಟೆಲ್ ಇರುವ ಒಂದು ಚಿಕ್ಕ ಶಾಲೆ ಇದೆ ಎಂದು ಕಚೇರಿಯಲ್ಲಿ ಯಾರೋ ಹೇಳಿದ್ದರು. ಮಗಳನ್ನು ಕರೆದುಕೊಂಡು ಹೋಗಿ ನೋಡಿದರೆ ಹೆಂಚಿನ ಎರಡು ಸಾಲು ಕೋಣೆ, ಮುಂದೆ ಒಂದು ಹುಣಸೆ ಮರ, ಅಷ್ಟೇ. ಹೆಡ್‌ಮೇಷ್ಟ್ರು ಜಗಲಿಯಲ್ಲಿ ಕೂತು ಒಂದು ಮಗುವಿನ ಉಗುರು ಕತ್ತರಿಸುತ್ತಿದ್ದರು. ನಾನು ಸುತ್ತಿ ಬಳಸದೆ ಕೇಳಿದೆ: "ಇಲ್ಲಿ ಹಕಾರ ತಿದ್ದುತ್ತೀರಾ ಸಾರ್?"

"ಬರೀವಾಗ ತಿದ್ತೀನಿ ಕಣವ್ವ. ಮಾತಾಡೋವಾಗ ಕೇಳಿಸ್ಕತೀನಿ" ಎಂದರು.

ಅಲ್ಲಿ ಅರ್ಧದಷ್ಟು ಮಕ್ಕಳ ಮನೆಮಾತು ತಮಿಳು. ಹುಣಸೆ ಮರದ ಕೆಳಗಿಂದ ಒಬ್ಬಳು ನನ್ನ ಮಗಳಿಗೆ, "ಇಂಗೆ ವಾ" ಎಂದಳು. ತಮಿಳಿನಲ್ಲಿ 'ವಾ' ಎಂದರೆ ಬಾ, 'ಇಂಗೆ' ಎಂದರೆ ಇಲ್ಲಿ. ನಮ್ಮ ಹಕಾರವಿಲ್ಲದ ಕನ್ನಡದಲ್ಲಿ 'ಇಂಗೆ' ಎಂದರೆ ಹೀಗೆ. ಮಗಳು ತಬ್ಬಿಬ್ಬಾಗಿ, ತನಗೇ ತಿಳಿಯದಂತೆ ಬಾಯಿ ಬಿಟ್ಟಳು.

"ಎಂಗೆ?"

ಅವಳು ಕೇಳಿದ್ದು ಹೇಗೆ ಎಂದು. ಆದರೆ ತಮಿಳಿನಲ್ಲಿ ಅದು 'ಎಲ್ಲಿ' ಎಂದಾಗುತ್ತದೆ. ಆ ಹುಡುಗಿ ಪಕ್ಕದ ನೆಲ ತಟ್ಟಿ, "ಇಂಗೆ" ಎಂದು ತೋರಿಸಿದಳು. ನನ್ನ ಮಗಳು ಹೋಗಿ ಕೂತಳು. ಸ್ವಲ್ಪ ಹೊತ್ತಿಗೆ ಇಬ್ಬರೂ 'ಇಂಗೆ', 'ಎಂಗೆ' ಎಂದುಕೊಂಡು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಎಷ್ಟೋ ತಿಂಗಳಿಂದ ನಾನು ಆ ನಗು ಕೇಳಿರಲಿಲ್ಲ. ಅಲ್ಲೇ ತೀರ್ಮಾನ ಮಾಡಿದೆ.

"ಮಾರ್ಟಳ್ಳಿ ಕಡೆಯೋರು ಓದಕ್ಕೆ ಮೈಸೂರ್‌ಗೆ ಓಯ್ತಾರೆ ಕಣವ್ವ, ನೀನು ಮಗೀನ ಅಲ್ಲಿಗೆ ತಕಂಡೋಯ್ತೀಯಲ್ಲ" ಎಂದು ಬಾವ ಕೂಗಾಡಿದರು. ಯಜಮಾನರು, "ನಿನ್ನಿಷ್ಟ ಕಣೆ. ಆದ್ರೆ ಅಣ್ಣುಂಗೆ ನೀನೇ ಏಳ್ಕೊ" ಎಂದು ಪಾಳಿಗೆ ಹೊರಟುಹೋದರು. ನಾನೇ ಹೇಳಿದೆ, ನಾನೇ ಸೇರಿಸಿದೆ. ಖಾಲಿ ಮನೆಗೆ ಬಂದು ಅತ್ತಿದ್ದೂ ನಾನೇ. ಅತ್ತ ಮಾತ್ರಕ್ಕೆ ತಪ್ಪು ಮಾಡಿದೆ ಎಂದು ಯಾರೂ ತಿಳಿಯಬೇಕಾಗಿಲ್ಲ.

ಮೊದಲ ಸಲ ನೋಡಲು ಹೋದಾಗ ಮಗಳು ಖೋ ಖೋ ಆಡುತ್ತಿದ್ದಳು. ನನ್ನನ್ನು ಕಂಡು, "ಆಟ ಮುಗ್ದಿಲ್ಲ, ಅಲ್ಲೇ ಕೂತಿರು" ಎಂದು ಕೂಗಿ, ಗೆಳತಿಯ ಜೊತೆ ತಮಿಳಿನಲ್ಲಿ ಜಗಳಕ್ಕೆ ನಿಂತಳು. ವಾಪಸ್ ಬರುವಾಗ ಬಸ್ಸಿನಲ್ಲಿ ಬಾವನ ಫೋನ್ ಬಂತು.

"ಏನವ್ವ, ಮಗು ಏನಾರ ಸುದಾರಿಸ್ತಾ?"

"ಇಲ್ಲ ಬಾವ, ಇನ್ನೂ ಕೆಟ್ಟೋಗವಳೆ. ಈಗ ಎಲ್ಡು ಬಾಸೇಲಿ ಎದುರು ಮಾತಾಡ್ತಳೆ" ಎಂದೆ.